ಖಾಲಿ ಮಾಡಿ ತೋರಿಸಿದ ಕಾರ್ಡು

ನನ್ನ ಬ್ಯಾಗಿನಲ್ಲಿರುವ ಒಂದು ಕೇಬಲ್ಲಿಗೆ ಕೆಂಪು ದಾರ ಕಟ್ಟಿದ್ದೇನೆ. ಯಾರಾದರೂ ಅದನ್ನು ಫೋನ್ ಚಾರ್ಜಿಗೆಂದು ಎಳೆದರೆ ಕೈಮೇಲೆ ಹೊಡೆಯುತ್ತೇನೆ. ಮಾತಿಗೆ ಹೇಳುತ್ತಿಲ್ಲ, ನನ್ನ ಗಂಡನಿಗೇ ಒಮ್ಮೆ ಬಿದ್ದಿದೆ. "ಒಂದು ವಾಯರಿನ ಸಲುವಾಗಿ ಇಷ್ಟ್ಯಾಕ ಉರ್ಕೋತಿ?" ಎಂದು ಕೇಳಿದ. ಯಾಕೆಂದು ಅವನಿಗೆ ಚೆನ್ನಾಗಿ ಗೊತ್ತು. ಗೊತ್ತಿದ್ದವರೇ ಕೇಳಿದಾಗ ನನಗೆ ಇನ್ನೂ ಸಿಟ್ಟು ಬರುತ್ತದೆ.

ನಾನು ಬೀದರಿನಲ್ಲಿ ಮದುವೆ ಮನೆಗಳ ಹೆಂಗಸರ ಕಡೆಯ ಕ್ಯಾಮೆರಾದವಳು. ಗಂಡಸರ ಕಡೆ ಚಿತ್ರ ತೆಗೆಯಲಿಕ್ಕೆ ಓಣಿಗೊಂದು ಸ್ಟುಡಿಯೋ ಇದೆ. ಮುಸ್ಲಿಂ ಮನೆಗಳಲ್ಲಿ ಹೆಂಗಸರು ಒಳಗೆ ಕೂತು ಢೋಲಕ್ ಬಾರಿಸಿ ಹಾಡುವ ಕಡೆಗೆ ಗಂಡಸು ಕಾಲಿಡುವಂತಿಲ್ಲ. ಅಲ್ಲಿಗೆ ನನ್ನನ್ನು ಕರೆಯುತ್ತಾರೆ. ಮೊದಲು ನನ್ನನ್ನೂ ಕರೆಯುತ್ತಿರಲಿಲ್ಲ. ಒಂದು ಮದುವೆಯಲ್ಲಿ ಕುಣಿದ ಹುಡುಗಿಯ ಚಿತ್ರ ಯಾವನದೋ ಸ್ಟುಡಿಯೋದ ಕಾರ್ಡಿನಿಂದ ಹೊರಬಿದ್ದು ಊರ ಫೋನುಗಳಲ್ಲೆಲ್ಲ ತಿರುಗಿತ್ತು. ಆ ಹುಡುಗಿ ಕಾಲೇಜು ಬಿಟ್ಟಳು. ಆಮೇಲೆ ಕ್ಯಾಮೆರಾ ಎಂದರೆ ಬಾಗಿಲು ಮುಚ್ಚುತ್ತಿದ್ದರು. ಆಗ ನಾನೊಂದು ಪದ್ಧತಿ ಮಾಡಿದೆ. ಚಿತ್ರಗಳನ್ನು ಅವರ ಮನೆಯಲ್ಲೇ, ಅವರ ಎದುರಿಗೇ ಒಂದು ಸಣ್ಣ ಡಿಸ್ಕಿಗೆ ನಕಲು ಮಾಡುವುದು, ಡಿಸ್ಕನ್ನು ಮನೆಯವರ ಕೈಗೆ ಕೊಡುವುದು, ಕ್ಯಾಮೆರಾದ ಕಾರ್ಡನ್ನು ಪೂರ್ತಿ ಅಳಿಸಿ ಸೊನ್ನೆ ತೋರಿಸಿಯೇ ಹೊಸ್ತಿಲು ದಾಟುವುದು.

ಈ ಪದ್ಧತಿ ಎಷ್ಟು ಹೆಸರಾಯಿತೆಂದರೆ, ಕಾರ್ಡೆಂದರೆ ಏನೆಂದು ಗೊತ್ತಿಲ್ಲದ ಮುದುಕಿಯರೂ ಊಟದ ತಟ್ಟೆ ಕೊಡುವ ಮೊದಲು "ಖಾಲಿ ಮಾಡಿ ತೋರ್ಸಿದಿ ಏನವ್ವಾ?" ಎಂದು ಕೇಳುತ್ತಿದ್ದರು. ನಾನೂ ಕಡಿಮೆಯವಳಲ್ಲ. ಬರೀ ಅಳಿಸಿದರೆ ಸಾಕಾಗದೆ, ಒಳಗಿನದನ್ನು ಬುಡಸಮೇತ ಒರೆಸಿಹಾಕುವ ಗುಂಡಿ ಒತ್ತಿ, "ಇನ್ನ ಯಾವ ಮಾಟಗಾರನೂ ಇದನ್ನ ವಾಪಸ್ ತರಲಿಕ್ಕೆ ಆಗಂಗಿಲ್ರಿ" ಎಂದು ಜಂಬ ಕೊಚ್ಚುತ್ತಿದ್ದೆ.

ಸಾದಾ ಕ್ಯಾಮೆರಾ ಇದ್ದಾಗ ಇದರಲ್ಲಿ ಕಷ್ಟವಿರಲಿಲ್ಲ. ಆಮೇಲೆ ನನ್ನ ಗಂಡ ಹಳೆಯದೊಂದು ಸಿನಿಮಾ ಕ್ಯಾಮೆರಾ ತಂದ. ಅದರ ಚಿತ್ರಗಳು ಎಷ್ಟು ಭಾರವೆಂದರೆ ನಲವತ್ತು ನಿಮಿಷಕ್ಕೆ ಒಂದು ದೊಡ್ಡ ಕಾರ್ಡು ತುಂಬಿ ಹೋಗುತ್ತದೆ. ಅಷ್ಟನ್ನು ಡಿಸ್ಕಿಗೆ ಸಾಗಿಸುವಾಗ ಕ್ಯಾಮೆರಾ ಯಾವುದು, ಲ್ಯಾಪ್‌ಟಾಪ್ ಯಾವುದು ಎನ್ನುವುದಕ್ಕಿಂತ ನಡುವೆ ಹಾಕುವ ಕೇಬಲ್ ಯಾವುದು ಎನ್ನುವುದೇ ಮುಖ್ಯ. ನನ್ನ ಹತ್ತಿರ ಎರಡು ಕಪ್ಪು ಕೇಬಲ್ ಇದ್ದವು. ಒಂದೇ ಉದ್ದ, ಎರಡೂ ತುದಿಗೆ ಒಂದೇ ಥರದ ಬಾಯಿ. ಒಂದರಲ್ಲಿ ಕಾರ್ಡು ಕಾಲು ಗಂಟೆಯಲ್ಲಿ ಖಾಲಿಯಾಗುತ್ತಿತ್ತು. ಇನ್ನೊಂದು ಫೋನಿನ ಜೊತೆ ಬಂದದ್ದು. ಕರೆಂಟನ್ನೇನೋ ಜೋರಾಗಿ ಒಯ್ಯುತ್ತದೆ, ಚಿತ್ರಗಳನ್ನು ಮಾತ್ರ ಹನಿಹನಿಯಾಗಿ ಬಿಡುತ್ತದೆ. ಗುರುತಿಗೆ ಒಂದು ದಾರ ಕಟ್ಟು ಎಂದು ಗಂಡ ಹತ್ತು ಸಲ ಹೇಳಿದ್ದ. "ನಂಗ ಮುಟ್ಟಿದ್ರ ಗೊತ್ತಾಗ್ತದ" ಎಂದಿದ್ದೆ.

ಔರಾದಿನಲ್ಲಿ ಒಬ್ಬ ಹೆಂಗಸಿದ್ದಳು. ಎಲ್ಲರೂ ಆಕೆಯನ್ನು ಖಾಲಾ, ಅಂದರೆ ಚಿಕ್ಕಮ್ಮ, ಎಂದೇ ಕರೆಯುತ್ತಿದ್ದರು. ನಾನೂ ಹಾಗೇ ಕರೆಯುತ್ತಿದ್ದೆ. ತವರು ಚಿಂತಾಕಿ. ಔರಾದಿನಿಂದ ಭಾಲ್ಕಿಯವರೆಗೆ ಯಾವ ಮದುವೆಯಾದರೂ ಢೋಲಕ್ ಆಕೆಯ ಮಡಿಲಲ್ಲಿ. ದಪ್ಪ ದನಿ, ತುಸು ಉಸುಕು ಬೆರೆತದ್ದು. ಹುಡುಗಿಯನ್ನು ಗಂಡನ ಮನೆಗೆ ಕಳಿಸುವ ರುಖ್ಸತಿಯ ಹೊತ್ತಿನಲ್ಲಿ ಆಕೆ ಹಾಡು ಎತ್ತಿದಳೆಂದರೆ, ಅಲ್ಲಿಯವರೆಗೆ ಜಗಳಾಡುತ್ತಿದ್ದ ಬೀಗತಿಯರೂ ಒಬ್ಬರ ಹೆಗಲ ಮೇಲೆ ಒಬ್ಬರು ಬಿದ್ದು ಅಳುತ್ತಿದ್ದರು. ಕ್ಯಾಮೆರಾ ಹಿಡಿದ ನಾನೂ ಅತ್ತಿದ್ದೇನೆ.

ಆಕೆಯ ಗಂಟಲಲ್ಲಿ ಗಡ್ಡೆ ಬಂತು. ಹೈದರಾಬಾದಿನ ಡಾಕ್ಟರರು ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು, ಜೀವ ಉಳಿಯುತ್ತದೆ, ದನಿ ಉಳಿಯುವುದಿಲ್ಲ ಎಂದರು. ದಿನ ಗೊತ್ತಾದ ಮೇಲೆ ಖಾಲಾ ತಾನೇ ನನಗೆ ಫೋನ್ ಮಾಡಿದಳು.

"ನನ್ನ ಮಗಳ ಸಲುವಾಗಿ ಒಂದು ರುಖ್ಸತಿ ಹಾಡು ಕಟ್ಟಿಟ್ಟೀನಿ ಬೇಟಿ. ಮಾತೂ ನಂದೇ, ಧಾಟಿನೂ ನಂದೇ. ಯಾರ ಮದಿವ್ಯಾಗೂ ಹಾಡಿಲ್ಲ. ಆಕಿ ಮದಿವಿ ಆಗೋ ಹೊತ್ತಿಗಿ ನನ್ನ ಬಾಯಾಗ ಆವಾಜ್ ಇರಂಗಿಲ್ಲ. ನೀ ಬಂದು ಹಿಡಿದಿಟ್ಟು ಹೋಗು. ಫೋನ್‌ದಾಗ ಹಿಡಿದ್ರೂ ಬಸ್, ಸಾಕು."

ಮದುವೆ ನಿಶ್ಚಯವಾಗುವ ಮೊದಲೇ ಹುಡುಗಿಯ ಕಿವಿಗೆ ಅವಳ ರುಖ್ಸತಿ ಹಾಡು ಬೀಳಬಾರದು ಎಂದು ಆಕೆಯ ನಂಬಿಕೆ. ಆದ್ದರಿಂದ ಮಗಳು ಅದನ್ನು ಕೇಳಿಯೇ ಇರಲಿಲ್ಲ. ಬೇರೆ ಯಾರೂ ಕೇಳಿರಲಿಲ್ಲ. ಮನೆಯ ಫೋನುಗಳಲ್ಲಿ ಖಾಲಾಳ ಮಾತು ಬೇಕಾದಷ್ಟಿತ್ತು, ಹಾಡು ಒಂದೂ ಇರಲಿಲ್ಲ. ಹೆಂಗಸರ ಹಾಡನ್ನು ಹಿಡಿದಿಡುವ ರೂಢಿಯೇ ಆ ಮನೆಯಲ್ಲಿಲ್ಲ. ಇದೆಲ್ಲ ಗೊತ್ತಿದ್ದೂ ನಾನು ಏನು ಹೇಳಿದೆ? "ಫೋನ್ ಯಾಕ ಖಾಲಾ, ಸಿನಿಮಾ ಕ್ಯಾಮೆರಾನೇ ತರ್ತೇನಿ. ನಿಮ್ಮ ಹಾಡಿಗಿ ಫೋನ್ ಅಂದ್ರ ಮರ್ಯಾದಿ ಆಗ್ತದೇನ್ರಿ?" ಎಂದೆ. ಪ್ರೀತಿಯಿಂದಲೇ ಹೇಳಿದ್ದು. ಅದರಲ್ಲಿ ಜಂಬವೂ ಇತ್ತು, ಸುಳ್ಳು ಯಾಕೆ ಹೇಳಲಿ.

ಆಪರೇಷನ್ನಿಗೆ ಎರಡು ದಿನ ಮೊದಲು, ಬೆಳಗಿನ ಬಸ್ಸಿಗೆ ಹೋದೆ. ಅಂದೇ ಮಧ್ಯಾಹ್ನ ಹನ್ನೆರಡೂವರೆಗೆ ಅವರನ್ನು ಹೈದರಾಬಾದಿಗೆ ಕರೆದೊಯ್ಯಲು ಗಾಡಿ ಬರುವುದಿತ್ತು. ಮಗಳನ್ನು ಪಕ್ಕದ ಮನೆಗೆ ಕಳಿಸಿದರು. ಒಳಕೋಣೆಯಲ್ಲಿ ಖಾಲಾ, ನಾನು, ಢೋಲಕ್, ಕ್ಯಾಮೆರಾ, ಅಷ್ಟೇ. ಸದ್ದು ಸರಿಯಿದೆಯೇ ನೋಡಲು ಒಂದು ಸಣ್ಣ ತುಣುಕು ಹಿಡಿದೆ. "ಸುರು ಮಾಡ್ಲೇನವ್ವಾ?" ಎಂದು ಕೇಳಿ ಆಕೆ ನಕ್ಕಳು. ನಂತರ ಹಾಡಿದಳು.

ಮೊದಲ ಸಲ ಹಾಡಿ ಮುಗಿಸಿದಾಗ ಆಕೆಯ ಕಣ್ಣು ತುಂಬಿದ್ದವು. ನಾನು ಪರದೆಯಲ್ಲಿ ನೋಡಿದರೆ ಮುಖ ತುಸು ಮಸುಕಾಗಿತ್ತು. "ಇನ್ನೊಂದ್ಸಲ ಹಾಡ್ತೀರೇನ್ರಿ?" ಎಂದೆ. ಎರಡನೇ ಸಲ ನಡುವೆ ಕೆಮ್ಮು ಬಂತು. ಬಿಸಿನೀರು ಕುಡಿದು, ಎದೆ ನೀವಿಕೊಂಡು ಮೂರನೇ ಸಲ ಹಾಡಿದಳು. ಮೂರೂ ಸಲ ನನ್ನ ಕಣ್ಣು ಪರದೆಯ ಮೂಲೆಯಲ್ಲಿ, ಕಾರ್ಡಿನಲ್ಲಿ ಎಷ್ಟು ನಿಮಿಷ ಉಳಿದಿದೆ ಎಂದು ತೋರಿಸುವ ಅಂಕಿಯ ಮೇಲೆಯೇ ಇತ್ತು. ತಂದದ್ದು ಒಂದೇ ಕಾರ್ಡು.

ಹಾಡು ಮುಗಿದಾಗ ಹನ್ನೊಂದು ದಾಟಿತ್ತು. ಬ್ಯಾಗಿನಿಂದ ಕೇಬಲ್ ತೆಗೆದು ಡಿಸ್ಕಿಗೆ ಹಾಕಿದೆ. ಲ್ಯಾಪ್‌ಟಾಪ್ ಲೆಕ್ಕ ಹಾಕಿ, ಇನ್ನೂ ಮೂರು ಗಂಟೆ ಐವತ್ತು ನಿಮಿಷ ಎಂದು ತೋರಿಸಿತು. ಬೇಕಾದ ಕೇಬಲ್ ಬೀದರಿನ ನನ್ನ ಮನೆಯಲ್ಲಿ, ಹಾಸಿಗೆ ಪಕ್ಕದ ಪ್ಲಗ್ಗಿನಲ್ಲಿ ನೇತಾಡುತ್ತಿತ್ತು. ಹಿಂದಿನ ದಿನ ಅದಕ್ಕೇ ಫೋನ್ ಹಾಕಿದ್ದೆ. ಮುಟ್ಟಿದರೆ ಗೊತ್ತಾಗುತ್ತದಂತೆ! ನನ್ನ ಬಾಯಿಗೆ ಬೆಂಕಿ ಹಾಕ.

ಬಸ್‌ಸ್ಟ್ಯಾಂಡಿನ ಹತ್ತಿರದ ಮೊಬೈಲ್ ಅಂಗಡಿಗೆ ಓಡಿದೆ. "ಫಾಸ್ಟ್ ಕೇಬಲ್ ಕೊಡ್ರಿ" ಎಂದರೆ ಅಂಗಡಿಯವ ಒಂದು ಗೊಂಚಲೇ ಮುಂದಿಟ್ಟ.

"ಎಲ್ಲಾ ಫಾಸ್ಟೇ ಅವರಿ. ಅರ್ಧಾ ತಾಸಿನ್ಯಾಗ ಫೋನ್ ಫುಲ್."

"ಚಾರ್ಜಿಂಗಿಗಿ ಅಲ್ರೀ ಯಪ್ಪಾ, ಡೇಟಾಕ್ಕ!"

"ಡೇಟಾ ರೀಚಾರ್ಜ್ ಬೇರೆ ಮಾಡ್ಸಬೇಕಾಗ್ತದ ನೋಡ್ರಿ" ಎಂದ ಪುಣ್ಯಾತ್ಮ. ಬೇರೆ ದಿನವಾಗಿದ್ದರೆ ನಗುತ್ತಿದ್ದೆ. ಕೊನೆಗೆ ಅವನ ಡ್ರಾವರಿನ ತಳದಲ್ಲಿ ಹಳೆಯದೊಂದು ಡಿಸ್ಕಿನ ಕೇಬಲ್ ಸಿಕ್ಕಿತು. ಒಂದು ತುದಿ ಅಗಲ, ಬಾಯೊಳಗೆ ನೀಲಿ ಬಣ್ಣ. ನೀಲಿ ಇದ್ದರೆ ಪರವಾಗಿಲ್ಲ, ಡೇಟಾ ಜೋರಾಗಿ ಓಡುತ್ತದೆ. ನನ್ನ ಲ್ಯಾಪ್‌ಟಾಪಿಗೆ ಅಗಲ ಬಾಯಿಯ ಜಾಗವಿಲ್ಲ. ಅದಕ್ಕೆಂದು ಒಂದನ್ನು ನಾಲ್ಕು ಮಾಡುವ ಸಣ್ಣ ಪೆಟ್ಟಿಗೆ, ಹಬ್, ಇತ್ತು. ಹಬ್ಬಿಗೆ ನೀಲಿ ಕೇಬಲ್, ಕೇಬಲ್ಲಿಗೆ ಡಿಸ್ಕು. ಮೊದಲಿನಿಂದ ನಕಲು ಶುರು ಮಾಡಿದೆ. ನಲವತ್ತು ನಿಮಿಷ ಎಂದು ತೋರಿಸಿತು. ಜೀವ ಬಂದಂತಾಯಿತು.

ಮನೆಯಲ್ಲಿ ಬೆಳಿಗ್ಗೆಯಿಂದ ಕರೆಂಟಿರಲಿಲ್ಲ. ನಕಲು ಶುರುವಾಗುತ್ತಿದ್ದಂತೆಯೇ ಪಕ್ಕದ ಮನೆಯಿಂದ ಬಂದ ಮಗಳು ತಾಯಿಯ ಫೋನ್ ಹಿಡಿದು, "ದವಾಖಾನಿಗಿ ಹೊಂಟೀವಿ, ಚಾರ್ಜೇ ಇಲ್ಲ. ಇದಕ್ಕ ಹಾಕ್ಲೇನ್ರಿ ಸ್ವಲ್ಪ?" ಎಂದು ಹಬ್ಬಿನ ಖಾಲಿ ಜಾಗ ತೋರಿಸಿದಳು. ನಾನು ಹೂಂ ಎಂದೆ. ಅವಳ ತಪ್ಪು ಒಂದಿಷ್ಟೂ ಇಲ್ಲ. ನಾನೇ ಹೂಂ ಎಂದದ್ದು. ಫೋನ್ ಹಾಕಿದ ತಕ್ಷಣ ಅದು ಹಬ್ಬಿನ ಕರೆಂಟನ್ನೆಲ್ಲ ಎಳೆದುಕೊಂಡು ಡಿಸ್ಕಿನ ದೀಪ ಆರಿ ಮತ್ತೆ ಹತ್ತಿತು. ಪರದೆಯ ಮೇಲೆ ಏನೋ ತಕರಾರು ಬಂತು. ಓದುವ ಸಹನೆ ಇರಲಿಲ್ಲ, ಮತ್ತೆ ಪ್ರಯತ್ನಿಸು ಎಂಬ ಗುಂಡಿ ಒತ್ತಿದೆ. ಪಟ್ಟಿ ಮುಂದೆ ಸರಿಯಿತು.

ನಕಲು ಮುಗಿದಾಗ ಗಾಡಿ ಬಾಗಿಲಿಗೆ ಬಂದು ಹಾರ್ನ್ ಹೊಡೆಯುತ್ತಿತ್ತು. ಕಾರ್ಡಿನಲ್ಲಿದ್ದುದಕ್ಕೂ ಡಿಸ್ಕಿಗೆ ಬಂದುದಕ್ಕೂ ಅಕ್ಷರಕ್ಕೆ ಅಕ್ಷರ ತಾಳೆಯಿದೆಯೇ ಎಂದು ನೋಡುವ ಸಾಫ್ಟ್‌ವೇರ್ ನನ್ನಲ್ಲಿದೆ. ಆ ಕೇಬಲ್ಲಿನಲ್ಲಿ ಅದಕ್ಕೆ ಇನ್ನೂ ನಲವತ್ತು ನಿಮಿಷ ಬೇಕು. ಡ್ರೈವರ್ ಬೈಯಲು ಶುರು ಮಾಡಿದ್ದ. ನೋಡಿದೆ: ಎಲ್ಲ ಫೈಲುಗಳ ಹೆಸರೂ ಇದ್ದವು, ತೂಕವೂ ಸರಿ ಇತ್ತು. ಮೊದಲನೆಯದನ್ನು ತೆರೆದೆ. "ಸುರು ಮಾಡ್ಲೇನವ್ವಾ?" ಎಂದಳು ಖಾಲಾ ಪರದೆಯೊಳಗೆ. ಅಷ್ಟಕ್ಕೇ ಮುಚ್ಚಿದೆ. ಮಗಳು ಬಾಗಿಲಲ್ಲೇ ನಿಂತಿದ್ದಳಲ್ಲ, ಹಾಡು ಅವಳ ಕಿವಿಗೆ ಬೀಳಬಾರದು.

"ಖಾಲಿ ಮಾಡಿ ತೋರ್ಸು ಬೇಟಿ, ಹೊತ್ತಾಯ್ತು" ಎಂದಳು ಖಾಲಾ.

ಅಂದು ತೋರಿಸದೆ ಬಂದಿದ್ದರೆ ಯಾರ ಗಂಟು ಹೋಗುತ್ತಿತ್ತು? ತಾಳೆ ನೋಡಿಲ್ಲ ಖಾಲಾ, ಕಾರ್ಡು ನನ್ನ ಹತ್ತಿರ ಒಂದು ದಿನ ಇರಲಿ ಎಂದಿದ್ದರೆ ಆಕೆ ಬೇಡ ಅನ್ನುತ್ತಿರಲಿಲ್ಲ. ಆದರೆ ಅಷ್ಟು ವರ್ಷ ಒಂದು ಮನೆಯಲ್ಲೂ ನಾನು ಹಾಗೆ ಹೇಳಿರಲಿಲ್ಲ. ನನ್ನ ಹೆಸರು ನಿಂತಿದ್ದೇ ಅದರ ಮೇಲೆ. ಬುಡಸಮೇತ ಒರೆಸುವ ಗುಂಡಿ ಒತ್ತಿದೆ. ಸೊನ್ನೆ ತೋರಿಸಿದೆ. ಖಾಲಾ ಡಿಸ್ಕನ್ನು ಮಾತ್ರ ಇಟ್ಟುಕೊಳ್ಳಲಿಲ್ಲ. "ಮನ್ಯಾಗ ಇದ್ರ ಈಕಿ ಕದ್ದು ಕೇಳ್ತಾಳ. ಮದಿವಿ ತನಕ ನಿನ್ನ ಹತ್ರನೇ ಇರ್ಲಿ" ಎಂದು ನನ್ನ ಕೈಯಲ್ಲಿಟ್ಟು, ನನ್ನ ಬೆರಳುಗಳನ್ನು ತಾನೇ ಮುಚ್ಚಿದಳು.

ಬೀದರಿಗೆ ಬಂದು ನಾಲ್ಕು ಗಂಟೆಗೆ ಡಿಸ್ಕು ತೆರೆದೆ. ಮೊದಲ ತುಣುಕು ಇತ್ತು. ಉಳಿದ ಫೈಲುಗಳೂ ಇದ್ದವು, ಅದೇ ತೂಕ, ಅದೇ ಹೆಸರು. ಜಾಗ ಮಾತ್ರ ಹಿಡಿದಿಟ್ಟಿತ್ತು, ಒಳಗೆ ಏನೂ ತುಂಬಿರಲಿಲ್ಲ. ದೀಪ ಆರಿ ಹತ್ತಿದ ಆ ಗಳಿಗೆಯಿಂದ ಮುಂದೆ ಬರೀ ಕಪ್ಪು. ಮೂರು ಸಲ ಹಾಡಿದ್ದರಲ್ಲಿ ಒಂದು ಸೊಲ್ಲೂ ಇಲ್ಲ. ನಾನು ಅಡುಗೆಮನೆಗೆ ಹೋಗಿ, ಯಾಕೆ ಹೋದೆನೆಂದು ತಿಳಿಯದೆ, ಖಾಲಿ ಕೊಡಕ್ಕೆ ನಲ್ಲಿ ಬಿಟ್ಟು ನಿಂತೆ.

ಇಲ್ಲಿಯವರೆಗೆ ನಡೆದದ್ದು ತಪ್ಪು. ಮುಂದೆ ನಾನು ಮಾಡಿದ್ದು ಪಾಪ.

ಆಪರೇಷನ್ನಿಗೆ ಇನ್ನೂ ಎರಡು ದಿನ ಇತ್ತು. ಖಾಲಾಳ ಗಂಟಲಲ್ಲಿ ಇನ್ನೂ ದನಿ ಇತ್ತು. ಮಗಳ ಕೈಯಲ್ಲಿ ಫೋನ್ ಇತ್ತು. ಒಂದು ಮಾತು ಹೇಳಿದ್ದರೆ ಆಸ್ಪತ್ರೆಯ ಮೂಲೆಯಲ್ಲೋ ಮಹಡಿಯ ಮೇಲೋ ಕೂತು ಹಾಡಿರುತ್ತಿದ್ದಳು. ನಾನು ಹೇಳಲಿಲ್ಲ. ಹೇಗಾದರೂ ವಾಪಸ್ ತರುತ್ತೇನೆ, ಯಾರಿಗೂ ಗೊತ್ತಾಗುವುದಿಲ್ಲ ಎಂದುಕೊಂಡೆ. ಮರುದಿನ ಬೆಳಿಗ್ಗೆ ಕಾರ್ಡು ಹಿಡಿದು ನಾನೂ ಹೈದರಾಬಾದಿಗೆ ಹೋದೆ. ಅಳಿಸಿದ್ದನ್ನು ಹುಡುಕಿ ಕೊಡುವ ಅಂಗಡಿಯೊಂದರಲ್ಲಿ ಇಡೀ ದಿನ ಕೂತೆ. ಆ ಕಾರ್ಡನ್ನು ಗಂಡಸರ ಕೈಗೆ ಕೊಟ್ಟದ್ದೇ ಮಾತಿಗೆ ತಪ್ಪಿದ್ದು, ಅದೂ ಆಗಿಹೋಯಿತು. ಆ ಊರಲ್ಲೇ, ಆಟೋದಲ್ಲಿ ಹೋದರೆ ಅರ್ಧ ಗಂಟೆಯ ದೂರದಲ್ಲಿ ಖಾಲಾ ಮಂಚದ ಮೇಲೆ ಕೂತಿದ್ದಳು. ಅಂಗಡಿಯವರು ಕೊನೆಗೆ ತಲೆಯಾಡಿಸಿದರು. "ಪೂರ್ತಿ ಒರೆಸಿಬಿಟ್ಟಿದ್ದೀರಿ. ಯಾರು ಹೇಳಿಕೊಟ್ಟರು ನಿಮಗೆ?" ಎಂದರು.

ನಾನು ಇನ್ನೂ ಅಲ್ಲೇ ಕೂತಿದ್ದಾಗ ಫೋನ್ ಬಂತು. ಖಾಲಾ.

"ನಾಳಿ ಮುಂಜಾನಿ ಒಳಗ ಒಯ್ತಾರಂತ ಬೇಟಿ. ಹಾಡು ಚಂದ ಬಂದದೇನು?"

"ಭಾಳ ಚಂದ ಬಂದದ ಖಾಲಾ" ಎಂದೆ.

"ಬಸ್. ಇನ್ನ ಕೊಯ್ದ್ರೂ ನಂಗ ಫಿಕರ್ ಇಲ್ಲ."

ನಾನು ಕೇಳಿದ ಆಕೆಯ ಕೊನೆಯ ಮಾತು ಅದು. ಬೀದರಿನವರೆಗೂ ಬಸ್ಸಿನಲ್ಲಿ ಹೇಳಬೇಕು, ಇಳಿದ ಕೂಡಲೇ ಹೇಳಬೇಕು ಎಂದುಕೊಂಡೇ ಬಂದೆ. ಹೇಳಲಿಲ್ಲ. ಮರುದಿನ ಒಂಬತ್ತಕ್ಕೆ ಆಕೆಯನ್ನು ಒಳಗೆ ಒಯ್ದರು.

ಎಂಟು ತಿಂಗಳ ಮೇಲೆ ಮಗಳ ಫೋನ್ ಬಂತು. ಭಾಲ್ಕಿಯ ಕಡೆಯವರು ಒಪ್ಪಿದ್ದಾರೆ, ದಿನ ಗೊತ್ತಾಗಿದೆ, ಅಮ್ಮಿ ಹಾಡಿನ ಡಿಸ್ಕು ತರಲು ಹೇಳಿದ್ದಾಳೆ ಎಂದಳು. ಎಷ್ಟು ಖುಷಿ ಅವಳ ದನಿಯಲ್ಲಿ! ಔರಾದಿಗೆ ಹೋದೆ. ಖಾಲಾ ಇಳಿದುಹೋಗಿದ್ದಳು, ಕುತ್ತಿಗೆಯ ಮುಂದೆ ಬಿಳಿ ಬಟ್ಟೆ. ಪಕ್ಕದಲ್ಲಿ ಒಂದು ಪಾಟಿ, ಬಳಪ. ಕೂತು, ಮೊದಲಿನಿಂದ ಕೊನೆಯವರೆಗೆ, ಅಂಗಡಿಯಲ್ಲಿ ಕೂತು ಹೇಳಿದ ಸುಳ್ಳಿನವರೆಗೆ ಎಲ್ಲ ಹೇಳಿದೆ. ಉಳಿದ ಒಂದು ತುಣುಕನ್ನು ತೋರಿಸಿದೆ. ಸುರು ಮಾಡ್ಲೇನವ್ವಾ. ಆಮೇಲೆ ನಗು. ಮುಗಿಯಿತು.

ಮಗಳು ಅಳಲಿಲ್ಲ. "ಎರಡು ದಿವ್ಸ ಇತ್ತಲ್ರಿ" ಎಂದಳು. "ನಮ್ಮ ಅಮ್ಮಿ ಎರಡು ದಿವ್ಸ ದವಾಖಾನಿದಾಗ ಸುಮ್ಮ ಕುಂತಿದ್ಳು. ಹೊತ್ತೇ ಹೋಗಲಾರದಕ ಬಾಜೂ ಮಂಚದಾಕಿ ಮಗಳಿಗಿ ಕತಿ ಹೇಳ್ತಿದ್ಳು. ಒಂದು ಫೋನ್ ಮಾಡ್ಲಿಕ್ಕ ನಿಮಗೇನಾಗಿತ್ತು?"

ಏನಾಗಿತ್ತು ಎಂದು ಹೇಳಲಿ? ನನ್ನ ಹೆಸರು ಕೆಡುತ್ತಿತ್ತು. ಅಷ್ಟೇ ಆಗಿತ್ತು.

ಖಾಲಾ ಪಾಟಿ ಎಳೆದುಕೊಂಡು ಉರ್ದುವಿನಲ್ಲಿ ನಿಧಾನವಾಗಿ ಬರೆದಳು. ನನಗೆ ಆ ಲಿಪಿ ಬಾರದು. ಮಗಳೇ ಓದಿ ಹೇಳಬೇಕಾಯಿತು.

"ಮಾತು ನಾ ಬರೆದು ಕೊಡ್ತೇನಿ. ಧಾಟಿ ಬರೀಲಿಕ್ಕ ಬರಂಗಿಲ್ಲ. ಅದನ್ನ ಕೇಳಿದಾಕಿ ದುನಿಯಾದಾಗ ನೀ ಒಬ್ಬಾಕಿನೇ. ಮೂರು ಸಲ ಕೇಳೀದಿ. ಗುನುಗಿ ತೋರ್ಸು."

ಅದರಲ್ಲಿ ಸಿಟ್ಟಿರಲಿಲ್ಲ. ನಿಜಕ್ಕೂ ಕೇಳಿದ್ದಳು. ಆಸೆಯಿಂದ ಮುಂದೆ ಬಾಗಿ ಕೂತಳು. ಮಗಳೂ ಮೊದಲ ಸಲ ನನ್ನ ಮುಖ ನೋಡಿದಳು. ನಾನು ಕಣ್ಣು ಮುಚ್ಚಿ ಹುಡುಕಿದೆ. ಬಾಯಿ ತೆರೆದೆ. ಬೇರೆ ಮದುವೆಗಳಲ್ಲಿ ಆಕೆ ಹಾಡಿದ ಬೇರೆ ಹಾಡಿನ ಎಳೆಯೊಂದು ಹೊರಬಂತು. ಖಾಲಾ ತಕ್ಷಣ ಕೈಯಾಡಿಸಿ ಅಲ್ಲ ಎಂದಳು. ಮತ್ತೆ ಪ್ರಯತ್ನಿಸಿದೆ. ಮತ್ತೆ ಅಲ್ಲ. ಆಕೆ ನನ್ನ ಅಂಗೈ ಹಿಡಿದು ಬೆರಳಿನಿಂದ ತಾಳ ತಟ್ಟಿ ತೋರಿಸಿದಳು, ಇನ್ನೇನು ನೆನಪಾಗುತ್ತದೆ ಎನ್ನುವಂತೆ ತಲೆಯಾಡಿಸಿದಳು. ನನಗೆ ನೆನಪಾಗಲಿಲ್ಲ.

ಭಾಲ್ಕಿಯ ಮದುವೆಗೆ ಕ್ಯಾಮೆರಾ ತರಬೇಡ, ಬಾ ಎಂದು ಹೇಳಿ ಕಳಿಸಿದ್ದರು. ಹೋದೆ. ಸ್ಟೇಷನ್ ರಸ್ತೆಯ ಶಾದಿಖಾನೆ, ಸಂಜೆ ಐದರ ಬಿಸಿಲು ಇನ್ನೂ ಇತ್ತು. ರುಖ್ಸತಿಯ ಹೊತ್ತಿಗೆ ಹೆಂಗಸರೆಲ್ಲ ಅಭ್ಯಾಸದಂತೆ ಖಾಲಾಳ ಕಡೆ ತಿರುಗಿ, ಮರುಗಳಿಗೆ ತಿಳಿದು ತಲೆ ತಗ್ಗಿಸಿದರು. ಆಗ ಆಕೆ ಢೋಲಕನ್ನು ಮಡಿಲಿಗೆ ಎಳೆದುಕೊಂಡು ಬಾರಿಸಲು ಶುರು ಮಾಡಿದಳು. ಮಗಳಿಗಾಗಿ ಕಟ್ಟಿದ ಹಾಡಿನ ತಾಳ, ಮೊದಲಿನಿಂದ ಕೊನೆಯವರೆಗೆ. ತುಟಿ ಆಡುತ್ತಿದ್ದವು, ದನಿಯಿಲ್ಲ. ಮಗಳು ಎದುರಿಗೆ ಕೂತು ಆ ತುಟಿಗಳನ್ನೇ ನೋಡುತ್ತಿದ್ದಳು.

ನಡುವೆ ಎರಡು ಸಲ ಖಾಲಾ ತಲೆಯೆತ್ತಿ ನನ್ನ ಕಡೆ ನೋಡಿದಳು. ಇನ್ನೂ ಆಸೆ ಬಿಟ್ಟಿರಲಿಲ್ಲ. ಆ ಕೋಣೆಯಲ್ಲಿ ಹಾಡನ್ನು ಎತ್ತಿಕೊಳ್ಳಬಹುದಾಗಿದ್ದವಳು ನಾನೊಬ್ಬಳೇ. ಪ್ರತಿ ಪೆಟ್ಟಿಗೂ ನನ್ನ ತಲೆಯಲ್ಲಿ ಅಂದು ಪರದೆಯ ಮೂಲೆಯಲ್ಲಿ ಕಂಡ ಅಂಕಿಗಳೇ ಬರುತ್ತಿದ್ದವು. ಮೊದಲ ಸಲ ಹಾಡು ಮುಗಿದಾಗ ಇಪ್ಪತ್ತೊಂಬತ್ತು ನಿಮಿಷ ಉಳಿದಿತ್ತು. ಎರಡನೇ ಸಲ ಹದಿನೇಳು. ಮೂರನೇ ಸಲ ನಾಲ್ಕು.